ಗಾಡಿ ಯಾರದು, ಕಲಿಸಿದವರು ಯಾರು: ಒಂದು ಗಮನ ಸೆಳೆಯುವ ಸೂಚನೆ

ತೆಲಂಗಾಣ ವಿಧಾನಸಭೆಯ 119 ಮತ್ತು ವಿಧಾನ ಪರಿಷತ್ತಿನ 40 ಮಾನ್ಯ ಸದಸ್ಯರಿಗೆ,

ಕಾಚಿಗುಡದ ಬಾಡಿಗೆ ಮನೆಯಿಂದ ಬೀದರ ಮೂಲದ ಕನ್ನಡಿಗನೊಬ್ಬನ ಶರಣು. ಪತ್ರ ಕನ್ನಡದಲ್ಲಿದೆ ಎಂದು ಮುಖ ಸಿಂಡರಿಸಬೇಡಿ. 1956ರ ಅಕ್ಟೋಬರ್ 31ರ ರಾತ್ರಿಯವರೆಗೂ ಬೀದರ, ಕಲಬುರಗಿ, ರಾಯಚೂರಿನವರಿಗೆ ಇದೇ ಹೈದರಾಬಾದ್ ರಾಜಧಾನಿ. ನಮ್ಮ ನೃಪತುಂಗ ಶಾಲೆ ಇಂದಿಗೂ ಕಾಚಿಗುಡದಲ್ಲೇ ಇದೆ. ಓದಲು ಕಷ್ಟವಾದರೆ ಅಲ್ಲಿಯ ಯಾವ ಮೇಷ್ಟ್ರನ್ನು ಕೇಳಿದರೂ ಓದಿ ಹೇಳುತ್ತಾರೆ.

ವಿಷಯ ಇಷ್ಟೆ. ನನ್ನ ಹೆಸರಿನಲ್ಲಿ ಬೀದರದ ಕೆಎ-38 ನಂಬರಿನ ಒಂದು ಸ್ಕೂಟರ್ ಇದೆ. ಆದರೆ ಅದು ನನ್ನ ಹತ್ತಿರ ಇಲ್ಲ. ಇದು ಹೇಗೆ ಸಾಧ್ಯ ಎಂಬ ಬಗ್ಗೆ ಪಬ್ಲಿಕ್ ಗಾರ್ಡನ್ಸ್ ಪಕ್ಕದ ನಿಮ್ಮ ಸಭಾಭವನದಲ್ಲಿ ಊಟದ ವಿರಾಮಕ್ಕೆ ಮುಂಚೆ ಅರ್ಧ ಗಂಟೆ ಚರ್ಚೆಯಾಗಲಿ ಎಂಬುದು ನನ್ನ ಕೋರಿಕೆ.

ಕೋರಿಕೆಗೆ ಮೊದಲು ಅಭಿನಂದನೆ ಸಲ್ಲಬೇಕು. 2014ರ ಜೂನ್‌ನಲ್ಲಿ ರಾಜ್ಯ ಹುಟ್ಟಿದಾಗ ಗಾಡಿಗಳಿಗೆ ಟಿಎಸ್ ಎಂದು ನಾಮಕರಣ ಮಾಡಿದಿರಿ. ಚಳವಳಿಯ ಕಾಲದಲ್ಲಿ ಹುಡುಗರು ಎಪಿ ಅಳಿಸಿ ಟಿಜಿ ಎಂದು ಬರೆದುಕೊಂಡಿದ್ದರಲ್ಲ, ಆ ಆಸೆ ಹಾಗೇ ಉಳಿದಿತ್ತು. 2023ರ ಡಿಸೆಂಬರ್‌ನಲ್ಲಿ ಸರಕಾರ ಬದಲಾಯಿತು. 2024ರ ಫೆಬ್ರವರಿಯಲ್ಲಿ ಸಂಪುಟ ತೀರ್ಮಾನಿಸಿತು, ಮಾರ್ಚ್ 12ಕ್ಕೆ ಕೇಂದ್ರದ ಅಧಿಸೂಚನೆ ಬಂತು, 15ರಿಂದ ಹೊಸ ಗಾಡಿಗಳೆಲ್ಲ ಟಿಜಿ. ಹೈದರಾಬಾದಿನಲ್ಲಿ ಒಂದು ಪಕ್ಷ, ದಿಲ್ಲಿಯಲ್ಲಿ ಇನ್ನೊಂದು. ಆದರೂ ಒಂದು ಅಕ್ಷರದ ವಿಷಯದಲ್ಲಿ ಫೈಲು ಎಲ್ಲೂ ಕೂರಲಿಲ್ಲ, ಯಾರೂ ಏಜೆಂಟನ್ನು ಹಿಡಿಯಬೇಕಾಗಲಿಲ್ಲ. ಲಕ್ಷಾಂತರ ಗಾಡಿಗಳ ಹಣೆಬರಹವನ್ನು ಆರು ವಾರದೊಳಗೆ ತಿದ್ದುವ ಶಕ್ತಿ ಇರುವ ಸರಕಾರಕ್ಕೆ, ಮಾರಿದವನ ಹೆಸರು ಹೊಡೆದು ಕೊಂಡವನ ಹೆಸರು ಬರೆಸುವುದು ಮಾತ್ರ ಏಕೆ ಇಷ್ಟು ಭಾರ?

ಕಾನೂನಿನಲ್ಲಿ ಕೊರತೆ ಇಲ್ಲ ಸ್ವಾಮಿ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಬಲು ಸ್ಪಷ್ಟ. ರಾಜ್ಯದ ಒಳಗೇ ಮಾರಿದರೆ ಮಾರಿದವನು 14 ದಿನದಲ್ಲಿ ತಿಳಿಸಬೇಕು, ಹೊರರಾಜ್ಯಕ್ಕೆ ಹೋದರೆ 45 ದಿನ, ಕೊಂಡವನಿಗೆ 30 ದಿನ. ಫಾರ್ಮ್ 29, ಫಾರ್ಮ್ 30, ಹೊರರಾಜ್ಯದ ಗಾಡಿಯಾದರೆ ಎನ್‌ಒಸಿಗೆ ಫಾರ್ಮ್ 28, ಸಾಲವಿದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35, ಮಾಲೀಕ ತೀರಿಕೊಂಡಿದ್ದರೆ ಫಾರ್ಮ್ 31. ಸತ್ತವರಿಗೂ ಫಾರ್ಮ್ ಇಟ್ಟ ಕಾಯ್ದೆಯನ್ನು ಅಪೂರ್ಣ ಎನ್ನಲು ನನಗೆ ಧೈರ್ಯವಿಲ್ಲ.

ಆದರೆ ವ್ಯವಹಾರ ನಡೆಯುವುದು ಕಾಯ್ದೆಯಲ್ಲಲ್ಲ, ಕನ್ಸಲ್ಟೆನ್ಸಿಯಲ್ಲಿ. ರಸ್ತೆ ಬದಿಗೆ ಒಂದು ಶೆಡ್ಡು, ಸಾಲಾಗಿ ನಿಲ್ಲಿಸಿದ ಹಳೇ ಬೈಕು, ಒಂದು ಮೇಜು, ಮೇಜಿನ ಮೇಲೆ ಚಹಾದ ಲೋಟ ಊರಿದ ಗುರುತಿರುವ ಫಾರ್ಮುಗಳ ಕಟ್ಟು. ನಾನು ಸ್ಕೂಟರ್ ಬಿಟ್ಟದ್ದು ಅಂಥ ಒಂದು ಕಡೆ. ಅಂಗಡಿಯವನು ಎರಡು ಫಾರ್ಮು ಮುಂದಿಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿದ ಜಾಗಗಳಲ್ಲಿ ಸಹಿ ಹಾಕಿಸಿಕೊಂಡ. ಕೊಳ್ಳುವವನ ಹೆಸರು ಬರೆಯುವ ಜಾಗ ಖಾಲಿ, ತಾರೀಖು ಖಾಲಿ. "ಕೊಂಡವರು ಯಾರು?" ಎಂದು ಕೇಳಿದೆ. "ಇನ್ನೂ ಯಾರೂ ಇಲ್ಲ ಸಾಬ್, ಬಂದಾಗ ಬರಕೊಳ್ತೀವಿ. ಟೆನ್ಷನ್ ಬೇಡ" ಎಂದ. ಅವನಿಗೆ ಟೆನ್ಷನ್ ಇಲ್ಲದಿರುವುದಕ್ಕೆ ಕಾರಣ ಆಮೇಲೆ ಹೊಳೆಯಿತು. ಅಷ್ಟೂ ಟೆನ್ಷನ್ನಿಗೆ ನಾನು ಸಹಿ ಹಾಕಿ ಕೊಟ್ಟಿದ್ದೆ.

ಅಂದಿನಿಂದ ಆಗಾಗ ಇ-ಚಲನ್ ಪುಟದಲ್ಲಿ ನನ್ನ ಸ್ಕೂಟರಿನ ನಂಬರ್ ಹೊಡೆದು ನೋಡುತ್ತೇನೆ. ಫೋಟೊ ಸಮೇತ ಬರುತ್ತದೆ. ಮೊದಮೊದಲು ಒಬ್ಬ ಯುವಕ, ತಲೆಗೆ ಹೆಲ್ಮೆಟ್ ಇಲ್ಲ, ಕಿವಿಗೂ ಭುಜಕ್ಕೂ ನಡುವೆ ಮೊಬೈಲು. ಆಮೇಲಿನ ಚಲನ್ನಿನಲ್ಲಿ ಹಿಂದೆ ಒಬ್ಬಾಕೆ ಕೂತಿದ್ದಳು, ಕೈತುಂಬ ಹೊಸ ಬಳೆ. ಮದುವೆಯಾಯಿತು ಎಂದು ಸಂತೋಷಪಟ್ಟೆ. ಈಚಿನ ಫೋಟೊದಲ್ಲಿ ಟ್ರಿಪಲ್ ರೈಡಿಂಗ್, ಮೂರನೆಯವರು ಅತ್ತೆಯೋ ತಾಯಿಯೋ ಗೊತ್ತಾಗಲಿಲ್ಲ, ಮಡಿಲಲ್ಲಿ ಕೂಸು. ಸಂಸಾರ ಬೆಳೆಯುತ್ತಿದೆ, ದಂಡವೂ ಬೆಳೆಯುತ್ತಿದೆ, ಎರಡಕ್ಕೂ ಯಜಮಾನ ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಹೇಳಿದಾಗ ಆರ್‌ಸಿ ಪುಸ್ತಕ ಇರಲಿಲ್ಲ.

ನಗುವುದು ಇಲ್ಲಿಗೆ ಸಾಕು, ಏಕೆಂದರೆ ಈ ಬರೆ ಚಲನ್ನಿಗೇ ನಿಲ್ಲುವುದಿಲ್ಲ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಪ್ರಕರಣದಲ್ಲಿ 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. 2007ರಲ್ಲೇ ಮಾರಿದ್ದ ಕಾರು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತ ಮಾಡಿತು. ಪರಿಹಾರ ಕೊಡಬೇಕಾದವನು ಯಾರು? ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವನೇ ಮಾಲೀಕ, ಅವನೇ ಕೊಡಬೇಕು ಎಂದಿತು ನ್ಯಾಯಾಲಯ. ಗಾಡಿಗೆ ಸಿಕ್ಕವರ ಮನೆಯವರು ನಾಲ್ಕನೇ ಕೈ, ಐದನೇ ಕೈ ಎಂದು ಹುಡುಕುತ್ತ ಅಲೆಯಬಾರದಲ್ಲ, ಆ ದೃಷ್ಟಿಯಿಂದ ತೀರ್ಪು ಸರಿಯೇ. ಆದರೆ ಅದರ ಮರುದಿನ ಎಲ್ಲ ರಾಜ್ಯಗಳ ಶಾಸಕರೂ ಎದ್ದು ನಿಂತು, ಹಾಗಾದರೆ ಹೆಸರು ಬದಲಾಯಿಸದೆ ಗಾಡಿ ಅಂಗಡಿಯ ಬಾಗಿಲು ದಾಟಬಾರದು ಎನ್ನಬೇಕಿತ್ತು. ಕೇಂದ್ರ 2022ರ ಡಿಸೆಂಬರ್‌ನಲ್ಲಿ ಹಳೇ ಗಾಡಿ ವ್ಯಾಪಾರಿಗಳೂ ನೋಂದಾಯಿಸಿಕೊಳ್ಳಬೇಕು, ಗಾಡಿ ತಮ್ಮ ವಶಕ್ಕೆ ಬಂದದ್ದನ್ನು ತಿಳಿಸಬೇಕು ಎಂದು ನಿಯಮ ತಂದಿತು. 2023ರ ಏಪ್ರಿಲ್ 1ರಿಂದ ಜಾರಿ. ಆ ನಿಯಮ ನನ್ನ ಶೆಡ್ಡಿನವನ ಮೇಜಿನವರೆಗೆ ಬಂದಂತೆ ಕಾಣಲಿಲ್ಲ. ದಾರಿಯಲ್ಲಿ ಟ್ರಾಫಿಕ್ ಇದ್ದಿರಬೇಕು.

ಹೊರರಾಜ್ಯದ ಗಾಡಿಯ ಪಾಡಂತೂ ಬೇರೆಯೇ ಪುರಾಣ. 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ 47ನೇ ಕಲಮಿನ ಪ್ರಕಾರ ಇಲ್ಲಿಯ ನಂಬರ್ ಪಡೆಯಬೇಕು, ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು, ಬೀದರದಲ್ಲಿ ಕಟ್ಟಿದ್ದನ್ನು ವಾಪಸು ಕೇಳಲು ಬೀದರಕ್ಕೇ ಹೋಗಬೇಕು. ಅದೂ ಅಲ್ಲದೆ, ದೇಶವೆಲ್ಲ ವಾಹನ್ ಎಂಬ ಒಂದೇ ಜಾಲದಲ್ಲಿ ಗಾಡಿಗಳ ಜಾತಕ ಇಟ್ಟಾಗ ನೀವು ವರ್ಷಗಟ್ಟಲೆ ಪ್ರತ್ಯೇಕ ಒಲೆ ಹೂಡಿದಿರಿ. ದೇಶದ ಗಾಡಿ ಮಾರಾಟದ ಲೆಕ್ಕ ಪತ್ರಿಕೆಯಲ್ಲಿ ಬಂದಾಗಲೆಲ್ಲ ಕೆಳಗೆ ಸಣ್ಣಕ್ಷರದಲ್ಲಿ 'ತೆಲಂಗಾಣ ಹೊರತುಪಡಿಸಿ' ಎಂದು ಇರುತ್ತಿತ್ತು. ಈಗ ಸೇರುವ ಕೆಲಸ ಶುರುವಾಗಿದೆ, ಒಳ್ಳೆಯದು. ನಮ್ಮ ಬೆಂಗಳೂರಿನವರನ್ನೂ ಹೊಗಳಲಾರೆ. ಹೊರಗಿನ ಗಾಡಿ 30 ದಿನ ದಾಟಿದರೆ ಜೀವಮಾನದ ತೆರಿಗೆ ಕಟ್ಟಬೇಕು ಎಂದು 2014ರಲ್ಲಿ ತಿದ್ದುಪಡಿ ತಂದವರು ಅವರು. 12 ತಿಂಗಳನ್ನು ಒಂದು ತಿಂಗಳಿಗಿಳಿಸಿದ ಆ ಗಣಿತವನ್ನು ಹೈಕೋರ್ಟು 2016ರಲ್ಲಿ ಹೊಡೆದುಹಾಕಿತು.

ಗಾಡಿ ಯಾರದು ಎಂದು ಖಚಿತವಾಗಿ ಗೊತ್ತಿಲ್ಲದ ಮೇಲೆ ದಂಡ ವಸೂಲಾಗುವುದಾದರೂ ಹೇಗೆ? ಅದಕ್ಕೆ ನೀವು ಕಂಡುಕೊಂಡ ಉಪಾಯಕ್ಕೆ ಮಾತ್ರ ನಾನು ಮನಸಾರೆ ತಲೆದೂಗುತ್ತೇನೆ. 2022ರ ಮಾರ್ಚ್‌ನಲ್ಲಿ ಬಾಕಿ ಚಲನ್‌ಗಳ ಮೇಲೆ ರಿಯಾಯಿತಿ: ಬೈಕಿಗೆ 75%, ಕಾರಿಗೆ 50%, ಆರ್‌ಟಿಸಿ ಬಸ್ಸಿಗೆ 70%, ತಳ್ಳುಗಾಡಿಗೆ 80%. ತಳ್ಳುಗಾಡಿಯವನು ಯಾವ ಸಿಗ್ನಲ್ ಹಾರಿದ್ದನೋ! ಮತ್ತೆ 2023ರ ಡಿಸೆಂಬರ್ 26ರಿಂದ ಬೈಕಿಗೆ 80%, ಬಸ್ಸಿಗೆ 90%, ಗಡುವು ಮುಗಿದ ಮೇಲೂ ವಿಸ್ತರಣೆ. ಥೇಟ್ ಆಷಾಢದ ಸೀರೆ ಸೇಲು. ಆಗಲೇ ಕಟ್ಟಿದವನು ಪೆದ್ದ, ಕಾದವನು ಜಾಣ. ಕರ್ನಾಟಕವೂ 2023ರ ಫೆಬ್ರವರಿಯಲ್ಲಿ ಅರ್ಧ ಬೆಲೆಗೆ ಇಳಿಸಿತು. ನನ್ನ ಸ್ಕೂಟರಿನ ಸಂಸಾರಸ್ಥ ಈ ಸೇಲಿಗೇ ಕಾಯುತ್ತಿದ್ದಾನೆ ಎಂದು ನನ್ನ ಗುಮಾನಿ.

ಇನ್ನು ಕಲಿಕೆಯ ವಿಚಾರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಡ್ರೈವಿಂಗ್ ಸ್ಕೂಲಿಗೆ ಲೈಸೆನ್ಸು ಬೇಕು, ಕಲಿಸುವವನು ಹತ್ತನೇ ಇಯತ್ತೆ ಪಾಸಾಗಿರಬೇಕು, ಐದು ವರ್ಷ ಗಾಡಿ ಓಡಿಸಿರಬೇಕು. ಕಾರು ಕಲಿಯುವವನಿಗೆ ಕನಿಷ್ಠ 21 ದಿನದ ತರಬೇತಿ, ಸ್ಟೇರಿಂಗ್ ಹಿಡಿದು ಕನಿಷ್ಠ 10 ಗಂಟೆ. ಯಾರು, ಯಾವತ್ತು, ಎಷ್ಟು ಹೊತ್ತು ಓಡಿಸಿದರು ಎಂಬುದಕ್ಕೆ ಫಾರ್ಮ್ 15ರ ರಿಜಿಸ್ಟರ್. ನನ್ನ ತಂಗಿಯ ಮಗ ಸೇರಿದ ಸ್ಕೂಲಿನಲ್ಲಿ ಆ ರಿಜಿಸ್ಟರನ್ನು ನಾನು ಕಣ್ಣಾರೆ ನೋಡಿದ್ದೇನೆ. 21 ಸಾಲು, 21 ಸಹಿ, ಎಲ್ಲವೂ ಒಂದೇ ಪೆನ್ನು, ಒಂದೇ ಓಲಾಟ, ಹದಿನೇಳನೆಯ ಸಹಿಯಲ್ಲಿ ಶಾಯಿ ಮುಗಿಯುತ್ತ ಬಂದು ಹದಿನೆಂಟರಿಂದ ಮತ್ತೆ ಕಪ್ಪು. ಹುಡುಗ ಸ್ಟೇರಿಂಗ್ ಹಿಡಿದಾಗ ಕ್ಲಚ್ಚು, ಬ್ರೇಕು ಎರಡೂ ಪಕ್ಕದ ಮೇಷ್ಟ್ರ ಕಾಲಡಿ. ಮೇಷ್ಟ್ರು ಫೋನಿನಲ್ಲಿ ಪ್ಲಾಟಿನ ವ್ಯವಹಾರ ಮಾತಾಡುತ್ತ ಆಗಾಗ "ಲೆಫ್ಟ್, ಲೆಫ್ಟ್" ಎನ್ನುತ್ತಿದ್ದರು. ಅದು ಕಾರಿಗೆ ಹೇಳಿದ್ದೋ ಪ್ಲಾಟಿಗೋ ಹುಡುಗನಿಗೆ ಇಂದಿಗೂ ಗೊತ್ತಿಲ್ಲ. ಎಂಟು ಹಾಕುವುದು, ಎಚ್ ಹಾಕುವುದು ಮಾತ್ರ ಚೆನ್ನಾಗಿ ಕಲಿಸಿದರು, ಏಕೆಂದರೆ ಪರೀಕ್ಷೆಯ ಟ್ರ್ಯಾಕಿನಲ್ಲಿ ಇರುವುದು ಅದೇ. ಅವನೀಗ ಎಚ್ ಆಕಾರದ ರಸ್ತೆ ಎಲ್ಲಿದ್ದರೂ ನಿರಾತಂಕವಾಗಿ ಓಡಿಸಬಲ್ಲ. ಊರಿನಲ್ಲಿ ಅಂಥದೊಂದನ್ನು ಹುಡುಕುತ್ತಿದ್ದೇವೆ.

2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ ಬಂದಿದೆ. ಲಘು ವಾಹನಕ್ಕೆ 29 ಗಂಟೆ, ಗರಿಷ್ಠ ನಾಲ್ಕು ವಾರ. ಭಾರಿ ವಾಹನಕ್ಕೆ 38 ಗಂಟೆ, ಆರು ವಾರ. ಸಿಮ್ಯುಲೇಟರ್ ಬೇಕು, ಟ್ರ್ಯಾಕ್ ಬೇಕು, ಎಕರೆಗಟ್ಟಲೆ ಜಾಗ ಬೇಕು. ಅಲ್ಲಿ ಪಾಸಾದವರಿಗೆ ಆರ್‌ಟಿಒ ಪರೀಕ್ಷೆಯೇ ಬೇಡ. ಅಂದರೆ ಕಲಿಸುವವನೇ ಪರೀಕ್ಷಕ. ಇದು ಒಳ್ಳೆಯದೂ ಆಗಬಹುದು, ಮಹಾ ಕೆಟ್ಟದ್ದೂ ಆಗಬಹುದು. ಯಾವುದಾಗುತ್ತದೆ ಎಂಬುದು ರಿಜಿಸ್ಟರನ್ನು ಯಾರು, ಯಾವಾಗ, ಹೇಳದೆ ಕೇಳದೆ ಬಂದು ತೆರೆದು ನೋಡುತ್ತಾರೆ ಎಂಬುದೊಂದನ್ನೇ ಅವಲಂಬಿಸಿದೆ.

ತಪ್ಪು ಮಾಡಿದವರನ್ನು ತಿದ್ದುವ ಶಾಲೆಯೂ ನಿಮ್ಮಲ್ಲುಂಟು. ಕುಡಿದು ಓಡಿಸಿ ಸಿಕ್ಕಿಬಿದ್ದವರಿಗೆ ಗೋಶಾಮಹಲ್ ಮತ್ತು ಬೇಗಂಪೇಟೆಯ ಟ್ರಾಫಿಕ್ ತರಬೇತಿ ಸಂಸ್ಥೆಗಳಲ್ಲಿ ಕೌನ್ಸೆಲಿಂಗ್, ಜತೆಗೆ ಮನೆಯವರನ್ನೂ ಕರೆತರಬೇಕು, ಆಮೇಲೆ ಕೋರ್ಟು. ಇದನ್ನು ನಾನು ಹಾಸ್ಯ ಮಾಡುವುದಿಲ್ಲ. ಹೆಂಡತಿಯ ಪಕ್ಕ ಬೆಂಚಿನಲ್ಲಿ ಕೂತು ಅಪಘಾತದ ಚಿತ್ರ ನೋಡುವುದು ದಂಡಕ್ಕಿಂತ ಖಾರವಾದ ಶಿಕ್ಷೆ. ನನ್ನ ತಕರಾರು ಬೇರೆ: ಕುಡಿದವನಿಗೆ ಸಿಗುವ ಈ ಪಾಠ ಕುಡಿಯದವನಿಗೆ ಯಾಕಿಲ್ಲ? ಲೈಸೆನ್ಸು ವಶಪಡಿಸಿಕೊಂಡರೆ ರಿಫ್ರೆಶರ್ ತರಬೇತಿ ಮುಗಿಸಿದ ಮೇಲೆಯೇ ವಾಪಸು ಕೊಡಬೇಕೆಂದು 2019ರ ತಿದ್ದುಪಡಿ 19ನೇ ಕಲಮಿನಲ್ಲಿ ಹೇಳಿತು. ಮೊದಲ ತರಬೇತಿಯೇ ಒಂದೇ ಪೆನ್ನಿನಲ್ಲಿ ಮುಗಿದಿರುವಾಗ ಯಾವುದನ್ನು ರಿಫ್ರೆಶ್ ಮಾಡುವುದು? ಅದಕ್ಕೂ ಮುಂಚೆ 2017ರ ಆಗಸ್ಟ್ 1ರಂದು ಹೈದರಾಬಾದಿನಲ್ಲಿ ಪೆನಾಲ್ಟಿ ಪಾಯಿಂಟ್ ಪದ್ಧತಿ ಬಂದಿತ್ತು: 24 ತಿಂಗಳಲ್ಲಿ 12 ಪಾಯಿಂಟ್ ಆದರೆ ಲೈಸೆನ್ಸು ಒಂದು ವರ್ಷ ಅಮಾನತು. ಆ ಪಾಯಿಂಟುಗಳ ಸದ್ದು ಈಗ ಕೇಳುವುದೇ ಇಲ್ಲ. ಸದನದಲ್ಲಿ ಯಾರಾದರೂ ಎದ್ದು ವಿಚಾರಿಸಿದರೆ ಉಪಕಾರ.

'ಮೋಟಾರು ವಾಹನ ಸಮವರ್ತಿ ಪಟ್ಟಿಯಲ್ಲಿದೆ, ಕಾಯ್ದೆ ಕೇಂದ್ರದ್ದು, ನಮ್ಮ ಕೈಯಲ್ಲೇನಿದೆ' ಎಂಬ ನಿಮ್ಮ ಉತ್ತರ ನನಗೆ ಈಗಲೇ ಕೇಳಿಸುತ್ತಿದೆ. ತೆರಿಗೆಯ ವಿಷಯ ಬಂದಾಗ ಅದು ರಾಜ್ಯಪಟ್ಟಿಯಲ್ಲಿದೆ ಎಂಬುದು ನಿಮಗೆ ನಿದ್ದೆಯಲ್ಲೂ ನೆನಪಿರುತ್ತದೆ. 2019ರ ದೊಡ್ಡ ದಂಡಗಳು ಬೇಡವೆಂದು ಕೈಬಿಡುವಾಗಲೂ ಅಧಿಕಾರ ನಿಮ್ಮ ಕೈಯಲ್ಲೇ ಇತ್ತು. 2024ರಲ್ಲಿ ಖೈರತಾಬಾದಿನಲ್ಲಿ ಟಿಜಿ-09 9999 ಎಂಬ ನಂಬರು ಹರಾಜಿನಲ್ಲಿ 25.5 ಲಕ್ಷ ರೂಪಾಯಿಗೆ ಹೋದಾಗ ಯಾರೂ ದಿಲ್ಲಿಯತ್ತ ಬೊಟ್ಟು ಮಾಡಲಿಲ್ಲ. ಸ್ಕೂಲುಗಳಿಗೆ ಲೈಸೆನ್ಸು ಕೊಡುವುದು, ತನಿಖೆ ಮಾಡುವುದು, ರದ್ದು ಮಾಡುವುದು ನಿಮ್ಮ ಸಾರಿಗೆ ಇಲಾಖೆಯೇ. ಆರ್‌ಸಿಯಲ್ಲಿ ಹೆಸರು ತಿದ್ದುವುದೂ ಅದೇ ಇಲಾಖೆ.

ಒಂದು ಮಾತನ್ನು ಮಾತ್ರ ವ್ಯಂಗ್ಯವಿಲ್ಲದೆ ಹೇಳಬೇಕು. 2022ರ ಮಾರ್ಚ್ 17ರ ರಾತ್ರಿ ಜೂಬಿಲಿ ಹಿಲ್ಸ್‌ನಲ್ಲಿ ಶಾಸಕರ ಸ್ಟಿಕ್ಕರ್ ಅಂಟಿಸಿದ್ದ ಕಾರೊಂದು ಗುದ್ದಿ, ರಸ್ತೆಯಲ್ಲಿ ಬಲೂನು ಮಾರುತ್ತಿದ್ದ ಹೆಂಗಸಿನ ಎಳೆಗೂಸು ತೀರಿಕೊಂಡಿತು. ಊರೆಲ್ಲ ಕೇಳಿದ ಪ್ರಶ್ನೆ ಎರಡೇ: ಗಾಡಿ ಯಾರದು, ಓಡಿಸಿದ್ದು ಯಾರು? ಆಮೇಲೆ ಪೊಲೀಸರು ಸ್ಟಿಕ್ಕರು ಮತ್ತು ಕಪ್ಪು ಗಾಜಿನ ಮೇಲೆ ಕಾರ್ಯಾಚರಣೆ ನಡೆಸಿದರು. ಸ್ಟಿಕ್ಕರ್ ಕಿತ್ತರೆ ಬರುತ್ತದೆ. ಆ ಎರಡು ಪ್ರಶ್ನೆ ಹಾಗೇ ಅಂಟಿಕೊಂಡಿವೆ. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ ಸತ್ತವರು 1,68,491 ಮಂದಿ.

ಆದ್ದರಿಂದ ಮುಂದಿನ ಅಧಿವೇಶನದಲ್ಲಿ ನಿಮ್ಮಲ್ಲಿ ಒಬ್ಬರು, ಯಾವ ಪಕ್ಷದವರಾದರೂ ಸರಿ, ಸಾರಿಗೆ ಸಚಿವರನ್ನು ಎರಡು ಪ್ರಶ್ನೆ ಕೇಳಿ. ಕಳೆದ ವರ್ಷ ಎಷ್ಟು ಡ್ರೈವಿಂಗ್ ಸ್ಕೂಲುಗಳ ಫಾರ್ಮ್ 15 ರಿಜಿಸ್ಟರನ್ನು ಅಧಿಕಾರಿಗಳು ಖುದ್ದಾಗಿ ನೋಡಿದರು, ಎಷ್ಟರ ಲೈಸೆನ್ಸು ಹೋಯಿತು? ಹಳೇ ಗಾಡಿ ಮಾರುವ ಅಂಗಡಿಗಳಲ್ಲಿ ನೋಂದಾಯಿಸಿಕೊಂಡವು ಎಷ್ಟು? ಉತ್ತರವನ್ನು ಸದನದ ಮುಂದೆ ಲಿಖಿತವಾಗಿ ಇಡಿಸಿ. ನಮ್ಮ ಕಡೆಯ ಪತ್ರಿಕೆಗಳು ಅದನ್ನು ಕನ್ನಡದಲ್ಲೂ ಅಚ್ಚು ಹಾಕುತ್ತವೆ, ನಾವು ಓದುತ್ತೇವೆ.

ಇಂತಿ ತಮ್ಮ ವಿಧೇಯ,
ಕೆಎ-38ರ ಕಾಗದದ ಮಾಲೀಕ,
ಕಾಚಿಗುಡ, ಹೈದರಾಬಾದ್