ಗೋಟಡಕೆಯ ಬಾಣಂತಿ

ನಮ್ಮ ಹಿತ್ತಲಿನಲ್ಲಿ ಎರಡು ಹುಂಜಗಳಿವೆ. ದೊಡ್ಡದು ಕೂಗುವ ತನಕ ಚಿಕ್ಕದು ಕೊಕ್ಕು ಬಿಚ್ಚುವುದಿಲ್ಲ. ಯಜಮಾನ ಹುಂಜವೇ ಮೊದಲು ಕೂಗುತ್ತದೆ, ಉಳಿದವು ಅಂತಸ್ತಿನ ಪ್ರಕಾರ ಹಿಂದಿನಿಂದ ಶುರು ಮಾಡುತ್ತವೆ ಎಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಯೋಗ ನಡೆಸಿ ಪ್ರಕಟಿಸಿದರು. ನಮ್ಮ ಚಿಕ್ಕ ಹುಂಜಕ್ಕೆ ಇದು ಮೊದಲೇ ಗೊತ್ತಿತ್ತು, ನೆತ್ತಿಯ ಮೇಲೆ ಗಾಯದ ಗುರುತೂ ಇತ್ತು. ಹುಂಜಗಳ ರಾಜಕೀಯ ಇಷ್ಟೇ. ವಿಷಯ ಇರುವುದು ಕರಿ ಹೇಂಟೆಯದು.

ಜಗಲಿ ಮೂಲೆಯ ಬುಟ್ಟಿಯಲ್ಲಿ ಸಿಪ್ಪೆ ಸಮೇತ ಒಣಗಿಸಿದ ಗೋಟಡಕೆ ಇತ್ತು. ಒಂದು ಬೆಳಿಗ್ಗೆ ನೋಡಿದರೆ ಕರಿ ಹೇಂಟೆ ಅದರ ಮೇಲೆ ಕಾವಿಗೆ ಕೂತಿದೆ! ಕೈ ಹಾಕಿದೆ. ಮೈಯೆಲ್ಲ ಉಬ್ಬಿಸಿಕೊಂಡು ‘ಕುರ್‍ರ್’ ಎಂದು ಬೈದು, ಮುಂಗೈಯನ್ನೇ ಕುಕ್ಕಿತು. ನಾನು ಕುರ್ಚಿ ಎಳೆದುಕೊಂಡು ಎದುರಿಗೇ ಕೂತೆ. ಆಗಾಗ ಎದ್ದು, ಕೊಕ್ಕಿನಿಂದ ಒಂದೊಂದೇ ಅಡಕೆಯನ್ನು ಮಗುಚಿ, ಎಲ್ಲ ಬದಿಗೂ ಬಿಸಿ ತಾಗುವಂತೆ ಸರಿಮಾಡಿ ಮತ್ತೆ ಕೂರುತ್ತಿತ್ತು. ಸಿಪ್ಪೆ ಸೀಳಿದ ಗೋಟೊಂದನ್ನು ಎಡಗಣ್ಣಲ್ಲಿ ನೋಡಿತು, ಬಲಗಣ್ಣಲ್ಲಿ ನೋಡಿತು, ಬುಟ್ಟಿಯಿಂದ ಹೊರಗೆ ತಳ್ಳಿತು. ಮಂಡಿಯವನೂ ಇಷ್ಟು ಶ್ರದ್ಧೆಯಿಂದ ಮಾಲು ನೋಡುವುದಿಲ್ಲ. ಹೊರಬಿದ್ದದ್ದನ್ನು ನಾನು ಮೆಲ್ಲಗೆ ವಾಪಸ್ ಇಟ್ಟೆ. ಅದು ಮತ್ತೆ ತಳ್ಳಿತು. ನಾನು ಮತ್ತೆ ಇಟ್ಟೆ. ಮಧ್ಯಾಹ್ನದ ಊಟಕ್ಕೆ ಕರೆದದ್ದು ನನಗೆ ಕೇಳಿಸಲೇ ಇಲ್ಲವಂತೆ.

‘ಏನ್ ಮಾರಾಯ್ರೇ, ಗೋಟು ಮಾರೂದಾ, ಮರಿ ಮಾಡ್ಸೂದಾ?’ ಅಂದಳು ಹೆಂಡತಿ.

‘ಇಪ್ಪತ್ತೊಂದು ದಿನ ನೋಡಾಣ’ ಅಂದೆ.

ಪಕ್ಕದ ಮನೆಯವರಿಗೆ ಸುದ್ದಿ ಹೋಗದೆ ಇರುತ್ತದೆಯೇ? ಬಂದವರೇ, ‘ತಣ್ಣೀರಲ್ಲಿ ಮುಳುಗ್ಸಿ ತೆಗೀರಿ, ಕಾವು ಬಿಡ್ತದೆ’ ಅಂದರು. ಹೋಗುವಾಗ ತಿರುಗಿ, ‘ಆಗ್ಲಿಲ್ಲ ಅಂದ್ರೆ ಹೇಳಿ, ಭಾನುವಾರ ನಮ್ಮಲ್ಲಿ ನೆಂಟ್ರಿದ್ದಾರೆ’ ಅಂದರು. ಇಂಥ ಸಲಹೆಗಾರರು ಪ್ರತಿ ಊರಲ್ಲೂ ಇರುತ್ತಾರೆ. ಬಾಣಂತಿ ನೋಡಲು ಬಂದು ಸಾರಿನ ಮಸಾಲೆ ಲೆಕ್ಕ ಹಾಕುವವರು.

ಮೊಟ್ಟೆಗೆಂದೇ ಸಾಕುವ ಫಾರಂ ಕೋಳಿಗಳಲ್ಲಿ ಕಾವಿನ ಈ ಹುಚ್ಚನ್ನು ತಳಿ ಆರಿಸುತ್ತಲೇ ಹೆಚ್ಚುಕಡಿಮೆ ತೆಗೆದುಹಾಕಿದ್ದಾರೆ. ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಲ್ಲ, ನಷ್ಟ. ನಾಟಿಯಲ್ಲಿ ಅದು ಇನ್ನೂ ಉಳಿದಿದೆ. ಕೆಲವು ದಿನ ಬಿಟ್ಟು ಕರಿ ಹೇಂಟೆಗೆ ನೀರು ಕುಡಿಸೋಣವೆಂದು ಎತ್ತಿದರೆ ಕೈಗೆ ಭಾರವೇ ಹತ್ತಲಿಲ್ಲ. ಜುಟ್ಟು ಬಿಳಿಚಿತ್ತು. ಎದೆಯ ಪುಕ್ಕ ಉದುರಿ ಬರಿ ಚರ್ಮ, ಅದೂ ಜ್ವರ ಬಂದ ಮಗುವಿನ ಹಣೆಯ ಹಾಗೆ ಸುಡುತ್ತಿತ್ತು. ಅಡಕೆಗಾಗಿ ಅನ್ನ ನೀರು ಬಿಟ್ಟಿತ್ತು ಪ್ರಾಣಿ. ನನಗೆ ನಗು ಬರಲಿಲ್ಲ.

ಅವತ್ತೇ ರಾತ್ರಿ ದೀಪ ಆರಿಸಿ, ಗೋಟು ತೆಗೆದು ಅದರ ಅಡಿಗೆ ನಿಜವಾದ ಮೊಟ್ಟೆ ಸರಿಸಿದೆವು. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ತಕರಾರಿಲ್ಲ. ಮರಿಗಳು ಹೊರಬಂದವು. ಗೋಟು ಮಾರುವ ಹೊತ್ತಿಗೆ ಧಾರಣೆ ಇಳಿದಿತ್ತು.

ನಾಟಿ ಮರಿ ಬೇಕಾದವರು ಬನ್ನಿ, ಕೊಡುತ್ತೇನೆ. ಮನೆಗೆ ನೆಂಟರು ಬಂದಿರುವವರು ಮಾತ್ರ ಬರಬೇಡಿ.