ಜಾತ್ರೆಗೆ ಬಂದ ತಪಾಸಣಾ ವರದಿ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನ. ಪೀಠಾಧಿಪತಿಗಳು ಪರುಷ ಬಟ್ಟಲು ಪ್ರದರ್ಶಿಸಿ, ತೇರು ಎಳೆದು, ಉತ್ತತ್ತಿ-ಬಾಳೆಹಣ್ಣು ಹಾರಿ ಮುಗಿದಿತ್ತು. ಗುಡಿಯ ಮಗ್ಗುಲಲ್ಲಿ ಕೆಂಪು ಲಾಡಿ ಬಿಗಿದ ಕಡತವೊಂದು ಕಾಲು ಚಾಚಿ ಕೂತಿತ್ತು. ವೃದ್ಧಾಶ್ರಮವೊಂದರ ತಪಾಸಣಾ ವರದಿ. ಯಾವ ಊರಿನದು ಎಂದರೆ ಬಾಯಿ ಬಿಡಲಿಲ್ಲ. ಕಪಾಟಿನ ಹಿಂಬದಿಯನ್ನು ಗೆದ್ದಲು ತಿಂದಿದ್ದರಿಂದ ಹೊರಬರಲು ದಾರಿಯಾಯಿತಂತೆ.

ಏನು ಈ ಕಡೆ ಸವಾರಿ?

ಪರುಷ ಬಟ್ಟಲು ನೋಡ್ಲಿಕ್ಕ ಬಂದಿದ್ನಿರಿ. ಅಂಥಾ ಬಟ್ಟಲನ್ನೇ ವರ್ಷಕ್ಕೊಮ್ಮಿ ಸಾವಿರಾರು ಮಂದಿ ಮುಂದ ಎತ್ತಿ ತೋರಸ್ತಾರ. ನನ್ನೊಳಗ ಇರೂದೇನು? ಸಂಡಾಸಿನ ನಲ್ಲಿ, ಔಷಧದ ಪಟ್ಟಿ, ರಾತ್ರಿ ಪಾಳಿಗೆ ಆಯಾ ಇದ್ದಾಳೋ ಇಲ್ಲೋ. ಅದನ್ನ ಮಾತ್ರ ಯಾರೂ ನೋಡಬಾರದಂತ!

ನೀವು ಹುಟ್ಟಿದ್ದು ಹೇಗೆ?

'ಅನಿರೀಕ್ಷಿತ ಭೇಟಿ' ಅಂತ ಮ್ಯಾಲ ಬರದಾರ್ರಿ. ಅವತ್ತ ಮಂಚಕ್ಕೆಲ್ಲಾ ಹೊಸ ಚಾದರ, ಊಟಕ್ಕ ಹೋಳಿಗಿ. ಅಜ್ಜಿ ಒಬ್ಬಾಕಿ 'ಇವತ್ತ ಯಾವ ಹಬ್ಬಪ್ಪ?' ಅಂತ ಸಾಹೇಬ್ರನ್ನೇ ಕೇಳಿದಳು. ಅದೊಂದು ನನ್ನೊಳಗ ಬರೀಲಿಲ್ಲ.

ಕಾನೂನು ಏನೆನ್ನುತ್ತದೆ?

ಹಿರಿಯ ನಾಗರಿಕರ 2007ರ ಕಾಯ್ದೆ, 19ನೇ ಕಲಂ. ಜಿಲ್ಲಾಕ್ಕ ಒಂದರ ವೃದ್ಧಾಶ್ರಮ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗಾ ಅಂತ ಅದ. ವರದಿ ಬಾಗಲಿಗೆ ಹಚ್ರಿ ಅಂತ ಇಲ್ಲ. 2019ರ ಡಿಸೆಂಬರದಾಗ ತಿದ್ದುಪಡಿ ಮಸೂದೆ ಲೋಕಸಭಾಕ್ಕ ಬಂತು. ಆಶ್ರಮಗಳ ನೋಂದಣಿ, ಕನಿಷ್ಠ ಗುಣಮಟ್ಟ, ಎಲ್ಲಾ ಇತ್ತು. 2024ರಾಗ ಆ ಲೋಕಸಭಾ ವಿಸರ್ಜನೆ ಆತು, ಮಸೂದೆನೂ ಹೋತು. ಪಾಪ, ವಯಸ್ಸಾಗೇ ಸತ್ತದ್ದು.

ಮಾಹಿತಿ ಹಕ್ಕಿನಲ್ಲಿ ನಿಮ್ಮನ್ನು ಕೇಳಬಹುದಲ್ಲ?

ಕೇಳ್ರಿ. 10 ರೂಪಾಯಿ, 30 ದಿವಸ. ಅಪ್ಪನ್ನ ಸೇರಸಾಕ ಮನಿ ಹುಡುಕ್ಲಿಕ್ಕ ಮಗಳು ಬೆಂಗಳೂರಿಂದ ಎರಡು ದಿನದ ರಜಾ ಹಾಕಿ ಬಂದಿರ್ತಾಳ. ಆಕಿ 30 ದಿವಸ ಎಲ್ಲಿಂದ ತರಬೇಕು? ಅದೇ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ, ಮಂದಿ ಕೇಳೂಕಿಂತ ಮೊದ್ಲು ನೀವೇ ಹೇಳ್ರಿ ಅಂತದ. ಆ ಪುಟ ಯಾರೂ ತಿರುವೂದಿಲ್ಲ. ಆಕಿ ಗೇಟಿನ ಬಣ್ಣ, ತುಳಸಿ ಕಟ್ಟಿ ನೋಡಿ ಮುಂಗಡ ಕಟ್ಟಿ ಹೋಗ್ತಾಳ. ನಮ್ಮ ಕಮಲಾಪುರದ ಕೆಂಬಾಳಿಗೆ ಜಿಐ ಮುದ್ರಿ ಅದ. ಹಣ್ಣು ಎಲ್ಲಿಂದ ಬಂತು ಅಂತ ತಿಳೀತದ. ಅದನ್ನ ತಿನ್ನೋ ಮುದುಕ ಎಂಥಾ ಮನ್ಯಾಗ ಅದಾನ, ಅದು ತಿಳಿಯೂದಿಲ್ಲ.

ಹಿರಿಯರ ಖಾಸಗಿ ವಿಷಯ ಬಯಲಾಗುತ್ತದೆ ಎನ್ನುತ್ತಾರೆ.

ಅವರ ಹೆಸರು, ಬ್ಯಾನಿ ಎಲ್ಲಾ ಕಾಟು ಹಾಕ್ರಿ. ಸಂಡಾಸಿನ ಗೋಡಿಗೆ ಹಿಡಿಕಿ ಇಲ್ಲ ಅನ್ನೂದು ಯಾರ ಖಾಸಗಿ ಸಂಗತಿ ಹೇಳ್ರಿ?

ಇಂಗ್ಲೆಂಡಿನಲ್ಲಿ ಬಾಗಿಲಿಗೇ ಹಾಕುತ್ತಾರಂತಲ್ಲ?

2015ರ ಏಪ್ರಿಲ್‌ದಿಂದ ಕಡ್ಡಾಯ ಮಾಡ್ಯಾರ. ತಪಾಸಣಾ ಆಯೋಗ ಕೊಟ್ಟ ದರ್ಜಿ, ಕಳಪಿ ಇದ್ರೂ, ಎಲ್ಲರ ಕಣ್ಣಿಗೆ ಬೀಳೂಹಂಗ ಇರಬೇಕು. ಹಂಗಂತ ಅಲ್ಲಿ ಎಲ್ಲಾ ಹಾಲು-ಸಕ್ಕರಿ ಅಂತ ತಿಳೀಬ್ಯಾಡ್ರಿ. 2024ರಾಗ ಆ ಆಯೋಗವನ್ನೇ ಪರೀಕ್ಷೆ ಮಾಡಿ ನೋಡಿದ್ರ, ಐದು ಜಾಗಾದಾಗ ಒಂದಕ್ಕ ದರ್ಜಿನೇ ಕೊಟ್ಟಿಲ್ಲ! ಆ ಪರೀಕ್ಷೆ ವರದಿ ಮಾತ್ರ ಬಹಿರಂಗ ಅದ. ಅದಕ್ಕ ನಿಮಗ ಹೇಳ್ಲಿಕ್ಕ ಬಂತು.

ದಾನದಲ್ಲಿ ನಡೆಯುವ ಸಣ್ಣ ಆಶ್ರಮ ನಿಮ್ಮಿಂದ ಮುಚ್ಚಿಹೋದರೆ?

(ವರದಿ ಮೊದಲ ಸಲ ತಡವರಿಸಿತು.) ಖರೆ ಅದರಿ. ಮುಚ್ಚಿದ್ರ ಒಳಗಿನ ಮಂದಿ ಎಲ್ಲಿ ಹೋಗಬೇಕು? ಅದಕ್ಕ ಒಮ್ಮೆ ಬರದು ಕೈ ತೊಳಕೊಳ್ಳೂದಲ್ಲ. ಗಡುವು ಕೊಡ್ರಿ, ತಿರುಗಿ ಬರ್ರಿ, ಸುಧಾರಿಸಿದ್ದನ್ನೂ ಬರೀರಿ. ಹಿಡಿಕಿ ಕೂಡಸಾಕ ರೊಕ್ಕ ಇಲ್ಲ ಅಂತ ಬಾಗಲ ಮ್ಯಾಲಿದ್ರ, ಬಂದ ದಾನಿ ಹುಟ್ಟುಹಬ್ಬದ ಕೇಕ್ ಬಿಟ್ಟು ಹಿಡಿಕಿ ಕೊಡಸಬಹುದು.

ಸರಿ, ನಿಮ್ಮನ್ನು ಎಲ್ಲಿ ಹಚ್ಚಬೇಕು?

ವ್ಯವಸ್ಥಾಪಕರ ಖೋಲ್ಯಾಗ ಬ್ಯಾಡ. ಮಕ್ಕಳು ಸೇರ್ಪಡೆ ಫಾರ್ಮಿಗೆ ಸಹಿ ಹಾಕೂ ಮೇಜಿನ ಎದುರಿಗೆ ಒಂದು ಪ್ರತಿ. ಊಟದ ಕೋಣ್ಯಾಗ ಇನ್ನೊಂದು, ಕನ್ನಡದಾಗ, ಚಸ್ಮಾ ಇಲ್ದೇ ಓದೂವಷ್ಟು ದೊಡ್ಡ ಅಕ್ಷರ. ಓದಿದ ಅಜ್ಜಾ-ಅಜ್ಜಿ 'ಸುಳ್ಳ ಅದ' ಅಂತ ಅನ್ಲಿಕ್ಕ ಕೆಳಗ ಜಾಗಾನೂ ಬಿಡ್ರಿ.

ಈ ಸಂದರ್ಶನಕ್ಕೆ ನಿಮ್ಮ ಹೆಸರು, ಕಡತ ಸಂಖ್ಯೆ ಹಾಕಬಹುದೇ?

ಅಯ್ಯೋ ಬ್ಯಾಡ್ರಿ! ನಾ 'ಗೌಪ್ಯ' ಅದೀನಿ. ಮೊದಲ ಪುಟದಾಗ ಸೀಲ್ ಹೊಡದಾರ. ಯಾಕಂತ ಕೇಳಿದ್ರ, 'ಮೇಜಿನ ಮ್ಯಾಲ ಅದೊಂದೇ ಸೀಲ್ ಇತ್ತು' ಅಂದ್ರು.