ಎದುರು ಪಾರ್ಟಿಗೂ ಒಂದು ಅರ್ಚನೆ

ಅಮೆರಿಕದ ಕನ್ನಡ ಮನೆಗಳಲ್ಲಿ ಇಂಗ್ಲಿಷ್ ಪದಗಳ ಅಕ್ಷರ ಒಪ್ಪಿಸುವ ಸ್ಪರ್ಧೆ, ಸ್ಪೆಲಿಂಗ್ ಬೀ ಬಂತೆಂದರೆ ಮಕ್ಕಳಿಗಿಂತ ಮೊದಲು ಅಪ್ಪಂದಿರ ಬಿಪಿ ಏರುತ್ತದೆ. ಅದು ಹಳೆಯ ಕಥೆ. ಈ ಸಲ ನ್ಯೂಜೆರ್ಸಿಯ ಒಂದು ಮನೆಯಲ್ಲಿ ಎದ್ದಿರುವ ವ್ಯಾಜ್ಯ ಮಾತ್ರ ಹೊಸ ನಮೂನೆಯದು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದ ಅಜ್ಜಿ ಮೊಮ್ಮಗಳ ಹೆಸರಿನಲ್ಲಿ ಅರ್ಚನೆ ಮಾಡಿಸಿದರು. ಅಷ್ಟಕ್ಕೇ ಬಿಡದೆ, ಅದೇ ಸ್ಪರ್ಧೆಗೆ ನಿಂತಿರುವ ಅವಳ ಗೆಳತಿಯ ಹೆಸರಿನಲ್ಲೂ ಮಾಡಿಸಿದರು. ಅದೂ ಆ ಹುಡುಗಿಯ ತಾಯಿಗೆ ಫೋನ್ ಮಾಡಿ, ಗೋತ್ರ, ನಕ್ಷತ್ರ, ಪಾದ ಎಲ್ಲ ವಿಚಾರಿಸಿ, ಹಾಲಿನ ಬಿಲ್ಲಿನ ಹಿಂದೆ ಬರೆದುಕೊಂಡು! ಮಗರಾಯ ಕೆಂಡಾಮಂಡಲ. "ಅಮ್ಮಾ, ಅವಳು ಎದುರು ಪಾರ್ಟಿ. ಒಂದೇ ದೇವರಿಗೆ ಎರಡು ಅರ್ಜಿ ಹಾಕಿದರೆ ಯಾವುದನ್ನ ಪಾಸು ಮಾಡ್ತಾನೆ?" ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲೂ ಇಲ್ಲ. "ಎರಡನ್ನೂ ಮಾಡ್ತಾನೆ ಕಣೋ. ಅವನೇನು ನಿಮ್ಮ ವೀಸಾ ಆಫೀಸಿನೋರ ಥರ ಕೋಟಾ ಇಟ್ಕೊಂಡು ಕೂತಿದಾನಾ?"

ನನ್ನ ಪ್ರಕಾರ ಈ ವ್ಯಾಜ್ಯದಲ್ಲಿ ಅಜ್ಜಿಯೇ ಸರಿ. ವಯಸ್ಸಾದವರೆಂಬ ಮುಲಾಜಿಗೆ ಹೇಳುತ್ತಿಲ್ಲ, ದಾಖಲೆ ಇದೆ. 1925ರಲ್ಲಿ ಶುರುವಾದ ರಾಷ್ಟ್ರೀಯ ಸ್ಪರ್ಧೆಯಲ್ಲಿ 2014, 2015, 2016, ಹೀಗೆ ಸಾಲಾಗಿ ಮೂರು ವರ್ಷ ಇಬ್ಬಿಬ್ಬರು ಗೆದ್ದಿದ್ದಾರೆ. 2009ರಲ್ಲಿ ಕಾವ್ಯಾ ಶಿವಶಂಕರ್ ಒಬ್ಬಳೇ ಎತ್ತಿದ ಕಪ್ಪನ್ನು, 2015ರಲ್ಲಿ ಅವಳ ತಂಗಿ ವನ್ಯಾ ಗೋಕುಲ್ ವೆಂಕಟಾಚಲಂ ಎಂಬ ಹುಡುಗನ ಜೊತೆ ಹಂಚಿಕೊಂಡಳು. ಯಾರ ಗಂಟೂ ಹೋಗಲಿಲ್ಲ. 2019ರಲ್ಲಂತೂ 20 ಸುತ್ತು ಕಳೆದರೂ ಎಂಟು ಮಕ್ಕಳು ಜಪ್ಪಯ್ಯ ಅನ್ನದೆ ನಿಂತಿದ್ದರು, ಅದರಲ್ಲಿ ಏಳು ಮಂದಿ ಭಾರತ ಮೂಲದವರು. ಇವರನ್ನು ಬೀಳಿಸುವಂಥ ಪದಗಳೇ ಮುಗಿಯುತ್ತ ಬಂದವೆಂದು ಸಂಘಟಕರು ಕೈಚೆಲ್ಲಿ, ಎಂಟೂ ಜನರನ್ನು ಚಾಂಪಿಯನ್ ಎಂದು ಸಾರಿದರು. ಅವತ್ತಿನ ಕೊನೆಯ ಸುತ್ತಿನ ಪದಗಳಲ್ಲಿ ಒಂದು ಬೋಗನ್‌ವಿಲ್ಲಾ. ಮೈಸೂರಿನ ಕಾಂಪೌಂಡಿನ ಮೇಲೆ ಹಬ್ಬಿರುವ ಅದೇ ಗಿಡವನ್ನು ಅಜ್ಜಿ 'ಕಾಗದದ ಹೂವು' ಎಂದು ಕರೆದು, ನೀರು ಹಾಕಿ, ಒಂದು ಅಕ್ಷರದ ತಂಟೆಗೂ ಹೋಗದೆ ಬೆಳೆಸಿದ್ದಾರೆ.

ಅಪ್ಪಂದಿರಿಗೆ ಹೊಳೆಯದ ಸಂಗತಿ ಇನ್ನೊಂದಿದೆ. ಇದೇನು ಕಬಡ್ಡಿಯಲ್ಲ. ಇಲ್ಲಿ ಎದುರಾಳಿಯನ್ನು ಮುಟ್ಟುವ ಹಾಗೇ ಇಲ್ಲ. ಅವಳಿಗೆ ಅವಳ ಪದ, ಇವಳಿಗೆ ಇವಳ ಪದ. ಗೆಳತಿ ತಪ್ಪಿದಳೆಂದು ಇವಳ ಪದದಲ್ಲಿ ಒಂದಕ್ಷರವೂ ಕಡಿಮೆಯಾಗುವುದಿಲ್ಲ. ಮಕ್ಕಳಿಗೆ ಇದು ಗೊತ್ತು. ಅದಕ್ಕೇ ಪದ ತಪ್ಪಿ, ಗಂಟೆ ಹೊಡೆಸಿಕೊಂಡು ಹೊರಟ ಹುಡುಗನ ಅಂಗೈಗೆ ಉಳಿದವರು ಅಂಗೈ ತಟ್ಟಿ ಕಳಿಸುತ್ತಾರೆ. ಅಲ್ಲದೆ ಮನೆಯಲ್ಲಿ ಪದ ಕೇಳಲು ಗೆಳತಿಯಲ್ಲದೆ ಇನ್ಯಾರಿದ್ದಾರೆ? ಅಪ್ಪ ಫ್ರೆಂಚ್ ಪದವನ್ನು ದಾವಣಗೆರೆಯ ಗತ್ತಿನಲ್ಲಿ ಓದಿದರೆ ಫ್ರೆಂಚರಿಗೂ ತಿಳಿಯದು. ಹಾಗಾಗಿ ಇಬ್ಬರೂ ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ, ನಡುವೆ ಕೋಡುಬಳೆ ಡಬ್ಬ ಇಟ್ಟುಕೊಂಡು, ತಪ್ಪಿದವರಿಗೆ ಚಮಚದಿಂದ ಸ್ಟೀಲ್ ಲೋಟ ಟಣ್ಣೆನಿಸುತ್ತಾರೆ. ಅಜ್ಜಿ ಊಟಕ್ಕೆ ಕರೆದರೆ, ಸ್ಪರ್ಧೆಯಲ್ಲಿ ಕೇಳುವ ಹಾಗೆ ರಾಗವಾಗಿ, "ಈ ಪದದ ಮೂಲ ಭಾಷೆ ಯಾವುದಜ್ಜೀ? ಒಂದು ವಾಕ್ಯದಲ್ಲಿ ಬಳಸಿ ಹೇಳ್ತೀರಾ?" ಅಜ್ಜಿ ಬಳಸಿ ಹೇಳುತ್ತಾರೆ: "ಸಾರು ಆರಿದರೆ ನಾನು ಮತ್ತೆ ಬಿಸಿ ಮಾಡೋಳಲ್ಲ."

ಅಪ್ಪನ ಆಕ್ಷೇಪಗಳನ್ನು ಹಾಗೆಂದು ತಳ್ಳಿಹಾಕುವಂತಿಲ್ಲ. ಹಂಚಿಕೊಳ್ಳುವ ಕಾಲ ಮುಗಿಯಿತು ಎನ್ನುತ್ತಾರೆ. ನಿಜ. 2021ರಲ್ಲಿ ನಿಯಮ ಬದಲಾಗಿ, ಸಮಬಲ ಬಂದರೆ 90 ಸೆಕೆಂಡಿನಲ್ಲಿ ಯಾರು ಹೆಚ್ಚು ಪದ ಸರಿ ಹೇಳುತ್ತಾರೋ ಅವರದೇ ಕಪ್ಪು ಎಂದಾಯಿತು. 2022ರಲ್ಲಿ ಹರಿಣಿ ಲೋಗನ್ ಗೆದ್ದದ್ದು ಹಾಗೆ. ಆದರೆ ಅಲ್ಲೂ ಜಗಳ ಗಡಿಯಾರದ ಜೊತೆಗೆ. 2024ರಲ್ಲಿ ಆ 90 ಸೆಕೆಂಡಿನಲ್ಲಿ ಬೃಹತ್ ಸೋಮಾ 29 ಪದ ಹೇಳಿದ, ಫೈಜಾನ್ ಜಾಕಿ 20ಕ್ಕೆ ನಿಂತು ಸೋತ. ಮರುವರ್ಷ ಅದೇ ಫೈಜಾನ್ ಬಂದು ಗೆದ್ದ. "ನಮ್ಮವಳು ಎಂಟನೇ ಕ್ಲಾಸು, ಅವಳಿಗೆ ಮರುವರ್ಷ ಎಲ್ಲಿದೆ?" ಎಂದು ಅಪ್ಪ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಎಂಟು ದಾಟಿದವರಿಗೆ ಅಲ್ಲಿ ಪ್ರವೇಶವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷವೆಲ್ಲ ಇಂಗ್ಲಿಷಿಗೆ ಹೆದರಿ ಕೊನೆಯ ಬೆಂಚಿನಲ್ಲಿ ಕೂತ ಮನುಷ್ಯನಿಗೆ, ಮಗಳು ಮೈಕಿನ ಮುಂದೆ ನಿಂತು ಗ್ರೀಕ್ ಪದದ ಹುಟ್ಟು ಕೇಳುವಾಗ ಗಂಟಲು ಕಟ್ಟಿದರೆ ಅದನ್ನು ಸಣ್ಣತನ ಎನ್ನಲು ನನಗೆ ಮನಸ್ಸು ಬಾರದು. ಆದರೂ, ಅಳುಕು ಯಾರದು ಎಂಬುದು ಇತ್ಯರ್ಥವಾಗಲಿ. 2004ರಲ್ಲಿ ಒಬ್ಬ ಹುಡುಗ ವೇದಿಕೆಯ ಮೇಲೇ ತಲೆ ಸುತ್ತಿ ಬಿದ್ದ, ಎದ್ದು ನಿಂತು ಪದವನ್ನು ಸರಿಯಾಗಿ ಹೇಳಿದ, ಎರಡನೇ ಸ್ಥಾನ ಪಡೆದ. ಮಕ್ಕಳು ಬಿದ್ದರೂ ಏಳುತ್ತಾರೆ. ಸಭೆಯಲ್ಲಿ ಕೂತು, ಮಗಳ ಒಂದೊಂದು ಅಕ್ಷರಕ್ಕೂ ತುಟಿ ಆಡಿಸುತ್ತ ಉಸಿರು ಬಿಡುವುದನ್ನೇ ಮರೆಯುವ ತಂದೆಯನ್ನು ಎಬ್ಬಿಸುವವರು ಯಾರು?

ಈ ನಡುವೆ ಗೆಳತಿಯ ತಾಯಿ, ಮುಯ್ಯಿ ಉಳಿಸಿಕೊಳ್ಳಬಾರದೆಂದು, ತಾನೂ ಹೋಗಿ ಇಬ್ಬರ ಹೆಸರಿನಲ್ಲೂ ಅರ್ಚನೆ ಮಾಡಿಸಿ ಬಂದಿದ್ದಾರೆ. ಈಗ ತಲೆಗೆ ಎರಡೆರಡು. ಲೆಕ್ಕ ಸಮವಾಯಿತೆಂದು ಅಪ್ಪ ಕಾಫಿ ಲೋಟ ಎತ್ತಿಕೊಳ್ಳುವಷ್ಟರಲ್ಲಿ ಅಜ್ಜಿಗೆ ಇನ್ನೊಂದು ನೆನಪಾಗಿದೆ: "ಪಕ್ಕದ ಬೀದಿ ಚೀನೀ ಹುಡುಗನೂ ನಿಂತಿದಾನಂತೆ, ಪಾಪ. ಅವನ ನಕ್ಷತ್ರ ಯಾರನ್ನ ಕೇಳೋದೋ?"